ಪಾಸೋ, ಟಿಕೆಟ್ಟೋ?

ನನಗೆ ಗಂಗಾಪುರಕ್ಕೆ ವರ್ಗವಾದ ಆರ್ಡರು ಕೈಗೆ ಬಂದದ್ದು 1989ರಲ್ಲಿ. ರಾಯಚೂರಿನ ಮನೆಯಲ್ಲಿ ಅದನ್ನು ಓದಿ ಹೇಳಿದಾಗ ನಮ್ಮವ್ವ ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದಳು. "ದತ್ತಪ್ಪ ತನ್ನ ಪಾದದ ಹತ್ರಾನೇ ಕರಕೊಂಡ ನೋಡು" ಅಂದಳು. ನಮ್ಮಪ್ಪನ ಮುಖ ಮಾತ್ರ ಸಪ್ಪಗಾಯಿತು. "ಯಾವ ಗಂಗಾಪುರೋ ತಮ್ಮಾ? ಆ ರೈಲಿನ ಗಂಗಾಪುರೇನು?" ಎಂದು ಎರಡು ಸಲ ಕೇಳಿದ.

ಇಬ್ಬರೂ ತಪ್ಪು ತಿಳಿದಿದ್ದರು. ಅವ್ವ ಅಂದುಕೊಂಡದ್ದು ಗುಲ್ಬರ್ಗಾ ಜಿಲ್ಲೆ ಅಫಜಲಪುರ ತಾಲ್ಲೂಕಿನ ಗಾಣಗಾಪುರ, ಭೀಮಾ ತೀರದ ದತ್ತಾತ್ರೇಯ ಕ್ಷೇತ್ರ. ಅಪ್ಪ ಅಂದುಕೊಂಡದ್ದು ಆ ಕ್ಷೇತ್ರದ ಹೆಸರಿನ ರೈಲ್ವೆ ಸ್ಟೇಷನ್ನು. ಸೊಲ್ಲಾಪುರ ಮತ್ತು ಗುಲ್ಬರ್ಗಾ ನಡುವೆ ಸಿಗುತ್ತದೆ. ನನಗೆ ಹಾಕಿದ್ದು ಇವೆರಡೂ ಅಲ್ಲ. ಮಹಾರಾಷ್ಟ್ರದ ಔರಂಗಾಬಾದ್ ಜಿಲ್ಲೆಯ (2023ರಿಂದ ಅದು ಛತ್ರಪತಿ ಸಂಭಾಜಿನಗರ) ತಾಲ್ಲೂಕು ಊರು ಗಂಗಾಪುರ. ಅಲ್ಲಿಗೆ ಹೋದ ಮೇಲೆ ನಾಸಿಕದ ಹತ್ತಿರ ಇನ್ನೂ ಒಂದು ಗಂಗಾಪುರ ಇದೆ, ಅಲ್ಲಿ ಗೋದಾವರಿಗೆ ಅಣೆಕಟ್ಟು ಕಟ್ಟಿದ್ದಾರೆ ಎಂದು ಗೊತ್ತಾಯಿತು. ಆ ಕಡೆ ಗೋದಾವರಿಯನ್ನು ಜನ 'ಗಂಗಾ' ಎಂದೇ ಕರೆಯುತ್ತಾರೆ. ಹಾಗಾಗಿ ಒಂದು ಗಂಗಾಪುರದ ಅಣೆಕಟ್ಟಿನಿಂದ ಬಿಟ್ಟ ನೀರು ಇನ್ನೊಂದು ಗಂಗಾಪುರದ ತಾಲ್ಲೂಕನ್ನು ಸವರಿಕೊಂಡು ಪೈಠಣದ ಜಾಯಕವಾಡಿ ಜಲಾಶಯಕ್ಕೆ ಸೇರುತ್ತದೆ.

ಅಪ್ಪ ಸಪ್ಪಗಾದ ಕಾರಣ ಬೇರೆ. 1948ರ ಮೇ 22ರಂದು ಮದ್ರಾಸು–ಮುಂಬಯಿ ದಾರಿಯ ರೈಲಿನ ಮೇಲೆ ರಜಾಕಾರರು ದಾಳಿ ಮಾಡಿದ್ದು ಗುಲ್ಬರ್ಗಾ ಕಡೆಯ ಆ ಸ್ಟೇಷನ್ನಿನಲ್ಲಿ. ಆಗಿನ ಇಂಗ್ಲಿಷ್ ಕಾಗದಪತ್ರಗಳು ಅದನ್ನು ಗಂಗಾಪುರ ಎಂದೇ ಬರೆದವು. ಆಗ ಅಪ್ಪನಿಗೆ ಹದಿನೆಂಟು. ಸುದ್ದಿ ಬಂದ ವಾರದೊಳಗೆ ನಮ್ಮಜ್ಜ ಅವನನ್ನು ರಾಯಚೂರು ಸ್ಟೇಷನ್ನಿಗೆ ಕರಕೊಂಡು ಹೋಗಿ ಆದವಾನಿಗೆ ಟಿಕೆಟ್ ತೆಗೆಸಿ ರೈಲು ಹತ್ತಿಸಿದ. ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ, ಅಂದರೆ ಬೇರೆ ದೇಶವೇ. ಅಜ್ಜ ತೆಗೆಸಿದ್ದು ಹೋಗುವ ಟಿಕೆಟ್ ಒಂದೇ. ಬರುವುದು ಯಾವಾಗ ಎಂದು ಯಾರಿಗೆ ಗೊತ್ತಿತ್ತು?

ಈ ಬರಹ ಟಿಕೆಟ್ಟು ಮತ್ತು ಪಾಸುಗಳ ವಿಷಯ. ಪರದೇಶದಲ್ಲಿ ಮಕ್ಕಳಿರುವ ನಮ್ಮೂರಿನ ಹಿರಿಯರು ನನ್ನನ್ನು ಮೇಲಿಂದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ. "ಅಲ್ಲಿ ತಿರುಗಾಡಲಿಕ್ಕೆ ರೈಲು ಪಾಸು ತಗೊಂಡ್ರ ಚಲೋನೋ, ಆಯಾ ಊರಿಗೆ ಟಿಕೆಟ್ ತಗೊಂಡ್ರ ಚಲೋನೋ?" ಬ್ಯಾಂಕಿನಲ್ಲಿದ್ದವನು, ಲೆಕ್ಕ ಗೊತ್ತಿರುತ್ತದೆ ಎಂಬ ನಂಬಿಕೆ ಅವರಿಗೆ. ಲೆಕ್ಕ ಗೊತ್ತು, ನಿಜ. ಆದರೆ ಆ ಲೆಕ್ಕವನ್ನು ನಾನು ಒಮ್ಮೆ ಕೆಟ್ಟದಾಗಿ ಮಾಡಿದ್ದೇನೆ. ಅದನ್ನೂ ಹೇಳಬೇಕು.

ಗಂಗಾಪುರಕ್ಕೆ ರೈಲಿಲ್ಲ. ತಾಲ್ಲೂಕಿನ ಉತ್ತರಕ್ಕೆ ಲಾಸೂರ್ ಎಂಬಲ್ಲಿ ಸ್ಟೇಷನ್ ಇದೆ. ಮನಮಾಡದಿಂದ ಸಿಕಂದರಾಬಾದಿಗೆ ಹೋಗುವ ದಾರಿ ಅದು. ನಾನು ಹೋದಾಗ ಅಲ್ಲಿ ಇನ್ನೂ ಮೀಟರ್ ಗೇಜ್ ಇತ್ತು. ಮನಮಾಡದಲ್ಲಿ ಇಳಿದು ದೊಡ್ಡ ಗಾಡಿ ಬಿಟ್ಟು ಸಣ್ಣ ಗಾಡಿ ಹತ್ತಬೇಕಿತ್ತು. ನಾನು ಹೆಂಡತಿ, ಕೂಸಿನೊಂದಿಗೆ ಔರಂಗಾಬಾದಿನಲ್ಲಿ ಮನೆ ಮಾಡಿ ದಿನಾ ಎಸ್.ಟಿ. ಬಸ್ಸಿನಲ್ಲಿ ಗಂಗಾಪುರಕ್ಕೆ ಹೋಗಿ ಬರುತ್ತಿದ್ದೆ. ಮೊದಲ ದಿನವೇ ಔರಂಗಾಬಾದ್ ಬಸ್ ನಿಲ್ದಾಣದಲ್ಲಿ ಒಂದು ಬಸ್ಸಿನ ಬೋರ್ಡು ನೋಡಿ ನಿಂತುಬಿಟ್ಟೆ. ದೇವನಾಗರಿಯಲ್ಲಿ 'ಕನ್ನಡ' ಎಂದು ಬರೆದಿತ್ತು. ನನಗಾಗಿಯೇ ಬಂದ ಬಸ್ಸು ಅನ್ನಿಸಿ ಎದೆ ಹಾರಿತು. ವಿಚಾರಿಸಿದರೆ ಅದು ಅದೇ ಜಿಲ್ಲೆಯ ಇನ್ನೊಂದು ತಾಲ್ಲೂಕಿನ ಹೆಸರು.

ಹೆಸರನ್ನು ಪಕ್ಕಕ್ಕಿಟ್ಟರೂ ಆ ನೆಲ ನಮಗೆ ಪೂರ್ತಿ ಹೊರಗಿನದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡ ನಾಡಿನ ಗಡಿಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳುತ್ತದೆ. ಗಂಗಾಪುರ ಗೋದಾವರಿಯ ಉತ್ತರದ ದಂಡೆಯ ತಾಲ್ಲೂಕು. ಆ ಲೆಕ್ಕದಲ್ಲಿ ನಾನು ಕೆಲವೇ ಮೈಲಿಯಷ್ಟು ಕನ್ನಡ ನಾಡಿನಿಂದ ಹೊರಗಿದ್ದೆ. ಎಲ್ಲೋರದ ಕೈಲಾಸ ದೇವಾಲಯ ಅದೇ ಜಿಲ್ಲೆಯಲ್ಲಿದೆ. ಕೊರೆಸಿದವನು ರಾಷ್ಟ್ರಕೂಟ ಒಂದನೆಯ ಕೃಷ್ಣ.

ಅದಕ್ಕಿಂತ ಹತ್ತಿರದ ನಂಟೂ ಇದೆ. 1948ರವರೆಗೆ ಗಂಗಾಪುರವೂ ರಾಯಚೂರೂ ಒಂದೇ ರಾಜ್ಯದಲ್ಲಿದ್ದವು, ಹೈದರಾಬಾದ್ ನಿಜಾಮರ ರಾಜ್ಯದಲ್ಲಿ. ನಾಸಿಕ, ಮನಮಾಡ ಇವೆಲ್ಲ ಬ್ರಿಟಿಷರ ಮುಂಬಯಿ ಪ್ರಾಂತ. ಮನಮಾಡದಲ್ಲಿ ರೈಲು ಹತ್ತಿ ಔರಂಗಾಬಾದಿಗೆ ಬರುವವನು ಒಂದು ಸರ್ಕಾರದ ಕೈಯಿಂದ ಇನ್ನೊಂದು ಸರ್ಕಾರದ ಕೈಗೆ ಬರುತ್ತಿದ್ದ. ನಿಜಾಮರಿಗೆ ತಮ್ಮದೇ ಸುಂಕದ ಇಲಾಖೆ ಇತ್ತು, 'ಕರೋಡಗಿರಿ' ಎಂದು. ತಮ್ಮದೇ ಅಂಚೆ ಇತ್ತು. ಬ್ಯಾಂಕಿನವನಾದ ನನಗೆ ಎಲ್ಲಕ್ಕಿಂತ ಸೋಜಿಗ ಅಂದರೆ ತಮ್ಮದೇ ನಾಣ್ಯವಿತ್ತು, ಹಾಲಿ ಸಿಕ್ಕಾ. ಬ್ರಿಟಿಷರ ರೂಪಾಯಿಗೆ ನಮ್ಮ ಕಡೆ 'ಕಲ್ದಾರ' ಎಂಬ ಹೆಸರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ನಮ್ಮಜ್ಜ ಸೊಂಟದಲ್ಲಿ ಎರಡು ಚೀಲ ಇಟ್ಟುಕೊಂಡಿರುತ್ತಿದ್ದ, ಊರೊಳಗೆ ಹಾಲಿ, ಹೊಳೆಯಾಚೆ ಕಲ್ದಾರ. ಅಪ್ಪನನ್ನು ಆದವಾನಿಗೆ ಕಳಿಸುವಾಗ ಕಲ್ದಾರದ ಚೀಲವನ್ನು ಪೂರ್ತಿ ಅವನ ಕೈಗೆ ಕೊಟ್ಟನಂತೆ. ಹೈದರಾಬಾದು ಸೇರಿದ ಮೇಲೂ ಹಾಲಿ ಕೆಲವು ವರ್ಷ ಓಡಾಡಿತು. ಪೂರ್ತಿ ರದ್ದಾದದ್ದು 1959ರಲ್ಲಿ.

ರೈಲಿನದೂ ಹಾಗೆಯೇ. ಮುಂಬಯಿ ಕಡೆಯಿಂದ ಬಂದ ಜಿ.ಐ.ಪಿ. ರೈಲ್ವೆಯೂ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಮಾರ್ಗ ಆಯಿತು. ಮನಮಾಡ–ಸಿಕಂದರಾಬಾದ್ ಮೀಟರ್ ಗೇಜ್ ಅದರ ಮುಂದಿನ ಪೀಳಿಗೆಯದು. ಹೈದರಾಬಾದ್–ಗೋದಾವರಿ ಕಣಿವೆ ರೈಲ್ವೆ ಎಂಬ ಹೆಸರಿನಲ್ಲಿ 1900ರ ಆಸುಪಾಸಿಗೆ ಮುಗಿಯಿತು. ಕಂಪನಿಯ ಕೈಯಲ್ಲಿದ್ದ ಈ ಎಲ್ಲ ಮಾರ್ಗಗಳನ್ನು ನಿಜಾಮ ಸರ್ಕಾರ 1930ರಲ್ಲಿ ತಾನೇ ವಹಿಸಿಕೊಂಡಿತು. ಎರಡು ವರ್ಷದ ನಂತರ, 1932ರಲ್ಲಿ, ಅದೇ ರೈಲ್ವೆಯವರು 27 ಬಸ್ಸುಗಳನ್ನಿಟ್ಟು ರಸ್ತೆ ಸಾರಿಗೆ ಇಲಾಖೆಯನ್ನೂ ಆರಂಭಿಸಿದರು. ರೈಲೂ ಬಸ್ಸೂ ಒಂದೇ ಒಡೆತನದಲ್ಲಿ! 1951ರಲ್ಲಿ ರೈಲು ಭಾರತದ ಮಧ್ಯ ರೈಲ್ವೆಗೆ ಹೋಯಿತು, ಬಸ್ಸು ರಾಜ್ಯ ಸರ್ಕಾರಕ್ಕೆ ಹೋಯಿತು. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಬಸ್ಸುಗಳೂ ಪಾಲಾದವು: ತೆಲಂಗಾಣದವು ಆಂಧ್ರಕ್ಕೆ, ಮರಾಠವಾಡದವು ಮುಂಬಯಿ ರಾಜ್ಯಕ್ಕೆ, ನಮ್ಮ ಬೀದರ, ಗುಲ್ಬರ್ಗಾ, ರಾಯಚೂರಿನವು ಮೈಸೂರಿಗೆ. ನಾನು ದಿನಾ ಹತ್ತುತ್ತಿದ್ದ ಗಂಗಾಪುರದ ಬಸ್ಸೂ ರಾಯಚೂರು ಡಿಪೊದ ಬಸ್ಸೂ ಒಂದೇ ಮನೆಯಿಂದ ಬೇರೆಯಾದ ದಾಯಾದಿಗಳು.

ಈ ಮಾತನ್ನು ನಮ್ಮ ಶಾಖೆಯ ದಫ್ತರಿ ಕಾಕಾಗೆ ಹೇಳಿದ್ದೆ. ಅವರಿಗೂ ಹಾಲಿ ರೂಪಾಯಿ ನೆನಪಿತ್ತು. "ಹಾಗಾದರೆ ಸಾಹೇಬರು ಪರದೇಶದವರಲ್ಲ, ನಮ್ಮ ಮುಲ್ಕಿನವರೇ" ಎಂದು ನಕ್ಕರು. ಸೆಪ್ಟೆಂಬರ್ 17ರಂದು ಅಲ್ಲೂ ಧ್ವಜ ಹಾರಿಸುತ್ತಾರೆ, ಇಲ್ಲೂ ಹಾರಿಸುತ್ತೇವೆ. ಅಲ್ಲಿ ಅದು ಮರಾಠವಾಡ ಮುಕ್ತಿ ದಿನ, ಇಲ್ಲಿ ವಿಮೋಚನಾ ದಿನ. ಹುಟ್ಟಿದೂರು ಬಿಟ್ಟು ಹೋದವನಿಗೆ ಇಂಥ ಸಣ್ಣ ನಂಟುಗಳೇ ದೊಡ್ಡ ಆಸರೆ.

ಈಗ ಪಾಸಿನ ಮಾತು. ದಿನದ ಓಡಾಟಕ್ಕೆ ನಾನು ಎಸ್.ಟಿ.ಯ ತಿಂಗಳ ಪಾಸು ಮಾಡಿಸಿದೆ. 20 ದಿನದ ಚಾರ್ಜು ಕೊಟ್ಟರೆ 30 ದಿನ ಓಡಾಡಬಹುದು. ಆಗ ಬ್ಯಾಂಕಿಗೆ ಶನಿವಾರವೂ ಅರ್ಧ ದಿನ ಇತ್ತು. ತಿಂಗಳಿಗೆ 25 ದಿನದ ಕೆಲಸ. ಹಬ್ಬ, ರಜೆ ಕಳೆದರೆ 23. ಅಂದರೆ ಮೂರು ದಿನದ ಚಾರ್ಜು ಲಾಭ. ಊರಿಗೆ ಹೋಗಿ ಒಂದು ವಾರ ಕೂತರೆ ಲಾಭ ಹೋಗಿ ನಷ್ಟ. ಲಾಸೂರಿನಿಂದ ರೈಲಿನಲ್ಲಿ ಓಡಾಡುವವರದೂ ಇದೇ ಲೆಕ್ಕ. ರೈಲ್ವೆಯ ಸೀಸನ್ ಟಿಕೆಟ್ 150 ಕಿ.ಮೀ. ದೂರದವರೆಗೆ ಸಿಗುತ್ತದೆ, ಮೂರು ತಿಂಗಳದ್ದು ತೆಗೆಸಿದರೆ ಒಂದು ತಿಂಗಳ 2.7 ಪಟ್ಟು ಹಣ. ಒಟ್ಟಿಗೆ ಕೊಟ್ಟವನಿಗೆ ರಿಯಾಯಿತಿ, ಕೊಡುವವನಿಗೆ ಮುಂಗಡ ಹಣ, ಇದು ವ್ಯಾಪಾರದ ಹಳೆಯ ನ್ಯಾಯ. ಹಣ ಮೊದಲೇ ಕೈ ಸೇರುವುದರಿಂದ ಮಾರುವವನಿಗೆ ಧೈರ್ಯ. ಕೊಂಡವನು ಒಂದು ದಿನ ಹತ್ತದಿದ್ದರೆ ಆ ಸೀಟೂ ಅವನಿಗೇ ಉಳಿಯಿತು.

ಇದೇ ನ್ಯಾಯವನ್ನು ಪ್ರವಾಸಕ್ಕೆ ಹಚ್ಚಿದಾಗ ಹುಟ್ಟಿದ್ದು ಎಲ್ಲಿ ಬೇಕಾದರೂ ತಿರುಗುವ ಪಾಸು. ಮಹಾರಾಷ್ಟ್ರದ ಎಸ್.ಟಿ.ಯವರು 1988ರಲ್ಲಿ ಅಂಥದೊಂದು ಯೋಜನೆ ತಂದರು. 'ಆವಡೇಲ್ ತೇಥೇ ಪ್ರವಾಸ', ಅಂದರೆ ಮನಸ್ಸು ಬಂದಲ್ಲಿಗೆ ಪ್ರವಾಸ. ಒಮ್ಮೆ ಹಣ ಕಟ್ಟಿದರೆ ನಿಗದಿ ಮಾಡಿದಷ್ಟು ದಿನ ಯಾವ ಬಸ್ಸನ್ನಾದರೂ ಹತ್ತು, ಎಲ್ಲಾದರೂ ಇಳಿ. ಈಗ ಅದು 4 ದಿನ ಮತ್ತು 7 ದಿನದ ಪಾಸಾಗಿ ನಡೆದಿದೆ.

1990ರ ಡಿಸೆಂಬರಿನಲ್ಲಿ ಅಪ್ಪ, ಅವ್ವ ನಮ್ಮಲ್ಲಿಗೆ ಬಂದರು. ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಅಹ್ಮದನಗರದಲ್ಲಿ ಇಳಿದರು. ಕರಕೊಂಡು ಬರಲು ನಾನು ಹೋಗಿದ್ದೆ. ಅಲ್ಲಿಂದ ಔರಂಗಾಬಾದಿಗೆ ಬರುವ ರಸ್ತೆ ಕಾಯಗಾಂವ್–ಟೋಕಾ ಎಂಬಲ್ಲಿ ಗೋದಾವರಿಯನ್ನು ದಾಟುತ್ತದೆ. ಪ್ರವರಾ ನದಿ ಬಂದು ಗೋದಾವರಿಗೆ ಸೇರುವ ಜಾಗ. ಎರಡೂ ದಂಡೆಯಲ್ಲಿ ಹಳೆಯ ಶಿವಾಲಯಗಳು. ಬಸ್ಸು ಸೇತುವೆ ಮೇಲೆ ಬಂದಾಗ ಅಪ್ಪ ಕಿಟಕಿಗೆ ಮುಖ ಹಚ್ಚಿ ಕೂತಿದ್ದ. "ಒಮ್ಮೆ ಇಲ್ಲಿ ಇಳೀಬೇಕಲ್ಲೋ ತಮ್ಮಾ" ಅಂದ. ಆಗಲಿ ಅಂದೆ.

ಮಾರನೆಯ ದಿನ ನಾಲ್ಕು ಪಾಸು ಮಾಡಿಸಿದೆ. ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಲೆಕ್ಕ ಹಾಕಿದೆ: ಎಲ್ಲೋರ, ಘೃಷ್ಣೇಶ್ವರ, ಪೈಠಣ, ಶಿರಡಿ, ನಾಸಿಕ, ತ್ರ್ಯಂಬಕೇಶ್ವರ, ಶನಿಶಿಂಗಣಾಪುರ. ಎದುರಿಗೆ ಬಿಡಿ ಟಿಕೆಟ್ಟಿನ ಚಾರ್ಜು. ಎಲ್ಲ ಊರು ಮುಗಿಸಿದರೆ ಪಾಸಿನ ಹಣ ಹುಟ್ಟಿ ಮೇಲೆ ಲಾಭ ಬರುತ್ತಿತ್ತು. ಒಂದು ಊರು ಬಿಟ್ಟರೆ ಸರಿಸಮ. ಎರಡು ಬಿಟ್ಟರೆ ನಷ್ಟ.

ಅಪ್ಪನಿಗೆ ಪಾಸು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಊರಿನ ಹೆಸರೇ ಇಲ್ಲಲ್ಲೋ" ಅಂದ. ಟಿಕೆಟ್ಟಿನಲ್ಲಿ ಎಲ್ಲಿಂದ ಎಲ್ಲಿಗೆ ಎಂದು ಇರುತ್ತದೆ, ಅದಿದ್ದರೆ ತನಗೆ ಧೈರ್ಯ ಎಂದ. ನಾನು ನಕ್ಕೆ.

ಆಮೇಲಿನ ದಿನಗಳು ಬರೀ ಓಟ. ಬೆಳಗಿನ ಐದಕ್ಕೆ ನಿಲ್ದಾಣ, ರಾತ್ರಿ ಒಂಬತ್ತಕ್ಕೆ ಮನೆ. ನಾಸಿಕದಲ್ಲಿ ರಾಮಕುಂಡದ ಮೆಟ್ಟಿಲ ಮೇಲೆ ಅವ್ವ ಇನ್ನೂ ಸೀರೆ ಒಣಗಿಸುತ್ತಿದ್ದಳು, ನಾನು ತ್ರ್ಯಂಬಕದ ಬಸ್ಸಿಗೆ ಹೊತ್ತಾಯಿತು ಎಂದು ಎಬ್ಬಿಸಿದೆ. ಪಾಸಿನ ಕೊನೆಯ ದಿನ ಶಿಂಗಣಾಪುರಕ್ಕೆ ಹೋಗುವಾಗ ಬಸ್ಸು ಮತ್ತೆ ಕಾಯಗಾಂವ್‌ಗೆ ಬಂತು. ಅಪ್ಪ, "ಇಲ್ಲೇ ಇಳಿಯೋಣೇನು? ಒಂದು ತಾಸು ಕುಂತು ಮುಂದಿನ ಗಾಡಿಗೆ ಹೋದರಾತು" ಅಂದ. ನಾನು ಗಡಿಯಾರ ನೋಡಿದೆ. ಇಳಿದರೆ ಶಿಂಗಣಾಪುರ ಮುಗಿಸಿ ಶಿರಡಿ ಆಗುತ್ತಿರಲಿಲ್ಲ. ಶಿರಡಿ ಹೋದರೆ ಲೆಕ್ಕ ಸರಿಸಮಕ್ಕೆ ಬರುತ್ತಿತ್ತು. "ಇದು ಮನೆ ಹತ್ರದ ಊರು ಅಪ್ಪಾ, ಇನ್ನೊಮ್ಮೆ ಯಾವಾಗ ಬೇಕಾದರೂ ಬರಬಹುದು. ಪಾಸು ಇವತ್ತಿಗೆ ಮುಗೀತದ" ಅಂದೆ. ಅಪ್ಪ ಹೂಂ ಅಂದ. ಬಸ್ಸು ಹೊರಟಿತು.

ಮುಂದಿನ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ. ಕಾಯಗಾಂವ್ ಉಳಿದೇ ಹೋಯಿತು.

ತಪ್ಪು ಪಾಸಿನದಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಬಿಡಿ ಟಿಕೆಟ್ ತೆಗೆದಿದ್ದರೆ ನಡುವೆ ಇಳಿದವನು ಮುಂದಿನ ಬಸ್ಸಿಗೆ ಮತ್ತೆ ಹಣ ಕೊಡಬೇಕಿತ್ತು. ಪಾಸು ಇದ್ದವನಿಗೆ ಇಳಿಯಲು ಒಂದು ಪೈಸೆಯ ಖರ್ಚಿಲ್ಲ. ಇಳಿಯಲಿಕ್ಕೇ ಮಾಡಿದ ಪಾಸನ್ನು ಕೈಯಲ್ಲಿ ಹಿಡಿದು ನಾನು ಇಳಿಯಲಿಲ್ಲ. ಕಟ್ಟಿದ ಹಣ ಹೋಗಿಯಾಗಿತ್ತು. ಅದನ್ನು ಹುಟ್ಟಿಸಬೇಕು ಎಂಬ ಹಟ ನನ್ನದು. ಎಂ.ಕಾಂ.ನಲ್ಲಿ ಇದನ್ನೇ ಪಾಠ ಓದಿದ್ದೆ: ಮುಳುಗಿದ ಖರ್ಚನ್ನು ಮುಂದಿನ ನಿರ್ಧಾರಕ್ಕೆ ಎಳೆದು ತರಬಾರದು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸನ್ನೂ ತೆಗೆದುಕೊಂಡಿದ್ದೆ.

ಈ ಪಾಸು, ಟಿಕೆಟ್ಟುಗಳ ಹಿಂದಿನ ಕಥೆಯನ್ನು ನಿವೃತ್ತಿಯ ಹೊತ್ತಿಗೆ ಹುಡುಕಿ ಓದಿದೆ. ನಮ್ಮ ಕಾಲದವರು ಕೈಯಲ್ಲಿ ಹಿಡಿದ ದಪ್ಪ ರಟ್ಟಿನ ಸಣ್ಣ ಟಿಕೆಟ್ ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ ಎಂಬ ಸ್ಟೇಷನ್ ಮಾಸ್ತರನ ಕೊಡುಗೆ, 1830ರ ದಶಕದ ಕೊನೆಯದು. ಅದರ ಜೀವ ಇರುವುದು ಕ್ರಮಸಂಖ್ಯೆಯಲ್ಲಿ. ಬೆಳಿಗ್ಗೆ ಮೊದಲ ನಂಬರು, ಸಂಜೆ ಕೊನೆಯ ನಂಬರು ಬರೆದುಕೊಂಡರೆ ಎಷ್ಟು ಮಾರಿತು, ಪೆಟ್ಟಿಗೆಯಲ್ಲಿ ಎಷ್ಟು ಹಣ ಇರಬೇಕು ಎಂದು ಗೊತ್ತಾಗುತ್ತದೆ. ಚೆಕ್ ಪುಸ್ತಕ ಬಲ್ಲ ಯಾವ ಕ್ಯಾಷಿಯರನಾದರೂ ಮೆಚ್ಚುವ ಉಪಾಯ ಇದು. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬವನು ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು ಐನೂರು ಜನರನ್ನು ತಲಾ ಒಂದು ಶಿಲ್ಲಿಂಗಿಗೆ ರೈಲಿನಲ್ಲಿ ಒಯ್ದ. ಮುಂದೆ ಅವನ ಕಂಪನಿ ಹಲವು ರೈಲ್ವೆಗಳನ್ನು ಸೇರಿಸಿ ಒಂದೇ ಕಟ್ಟಿನ ಟಿಕೆಟ್ ಮಾರಿತು. ಸ್ವಿಟ್ಜರ್ಲೆಂಡಿನ ಅರ್ಧ ದರದ ಕಾರ್ಡು 1891ರದು. ಒಮ್ಮೆ ಹಣ ಕೊಟ್ಟು ಕಾರ್ಡು ಪಡೆದರೆ ಆಮೇಲಿನ ಪ್ರತಿ ಟಿಕೆಟ್ಟೂ ಅರ್ಧ ಬೆಲೆಗೆ. ಅದೇ 1891ರಲ್ಲೇ ಅಮೆರಿಕನ್ ಎಕ್ಸ್‌ಪ್ರೆಸ್ಸಿನ ಟ್ರಾವೆಲರ್ಸ್ ಚೆಕ್ಕೂ ಬಂತು. ಪರಊರಿಗೆ ಹೋಗುವವನ ಭಯಕ್ಕೆ ಒಂದೇ ವರ್ಷ ಎರಡು ಔಷಧ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಪ್ರವಾಸಿಗಳು ಯೂರೋಪಿಗೆ ಬರತೊಡಗಿದರು. ಅವರಿಗೆಂದು 1959ರಲ್ಲಿ ಯೂರೇಲ್ ಪಾಸು ಬಂತು. ಯೂರೋಪಿನ ಹೊರಗೆ ವಾಸವಿರುವವರು ಮಾತ್ರ ಅದನ್ನು ಕೊಳ್ಳಬಹುದು. ಯೂರೋಪಿನವರ ಮಕ್ಕಳಿಗೆ ಇಂಟರ್‌ರೇಲ್ ಬಂದದ್ದು 1972ರಲ್ಲಿ, ಮೊದಲು 21 ವರ್ಷದೊಳಗಿನವರಿಗೆ. ಆಮೇಲೆ ಎಲ್ಲ ವಯಸ್ಸಿನವರಿಗೂ ಆಯಿತು. ಜಪಾನ್ ರೇಲ್ ಪಾಸು 1981ರದು. ನಮ್ಮ ರೈಲ್ವೆಯೂ ವಿದೇಶಿಯರಿಗೆ ಮತ್ತು ಪರದೇಶದಲ್ಲಿರುವ ಭಾರತೀಯರಿಗೆ ಡಾಲರಿನ ಬೆಲೆಯಲ್ಲಿ ಇಂಡ್‌ರೇಲ್ ಪಾಸು ಮಾರುತ್ತಿತ್ತು. 2017ರಲ್ಲಿ ಅದನ್ನು ನಿಲ್ಲಿಸಿದರು. ನಮ್ಮಂಥವರಿಗೆ ಇರುವುದು ಚಕ್ರಾಕಾರ ಪ್ರಯಾಣದ ಟಿಕೆಟ್: ಹೊರಟ ಸ್ಟೇಷನ್ನಿಗೇ ಮರಳಿ ಬರಬೇಕು, ನಡುವೆ ಹೆಚ್ಚೆಂದರೆ ಎಂಟು ಕಡೆ ಇಳಿಯಬಹುದು. ದೂರ ಹೆಚ್ಚಾದಂತೆ ಕಿಲೋಮೀಟರಿನ ದರ ಇಳಿಯುವುದರಿಂದ ಬಿಡಿ ಬಿಡಿಯಾಗಿ ತೆಗೆಯುವುದಕ್ಕಿಂತ ಅಗ್ಗ.

ಈ ಪಾಸುಗಳ ಬಗ್ಗೆ ಗಮನಿಸಬೇಕಾದ ಮೊದಲ ಸಂಗತಿ, ಅವು 'ನೀನು ಎಲ್ಲಿಯವನು' ಎಂದು ಕೇಳುತ್ತವೆ. ನನ್ನ ಮಗ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕೆಲಸಕ್ಕಿದ್ದಾನೆ. ಒಂದೇ ರೈಲಿನಲ್ಲಿ ಒಂದೇ ಊರಿಗೆ ಹೋದರೂ ನಾನು, ನನ್ನ ಹೆಂಡತಿ ಯೂರೇಲ್ ತಗೊಳ್ಳಬೇಕು, ಅವನು ಇಂಟರ್‌ರೇಲ್. ಅದೂ ಅವನು ವಾಸವಿರುವ ದೇಶದಲ್ಲಿ ಹೊರಗೆ ಹೋಗಲು ಒಮ್ಮೆ, ಮರಳಿ ಬರಲು ಒಮ್ಮೆ ಮಾತ್ರ ನಡೆಯುತ್ತದೆ. ಪಾಸಿನ ಕಣ್ಣಿನಲ್ಲಿ ಅಪ್ಪ ಪರಊರಿನವನು, ಮಗ ಆ ಊರಿನವನು. ಮೊದಲ ಸಲ ಇದನ್ನು ಓದಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಕರ್ನಾಟಕದ ಶಕ್ತಿ ಯೋಜನೆಯೂ, 2023ರ ಜೂನ್ 11ರಿಂದ, ಹೀಗೆಯೇ ಊರು ಕೇಳುತ್ತದೆ. ರಾಜ್ಯದಲ್ಲಿ ವಾಸವಿರುವ ಹೆಂಗಸರಿಗೆ ಕಂಡಕ್ಟರು ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾನೆ. ಹೊರರಾಜ್ಯದಲ್ಲಿ ನೆಲೆಸಿದ ಮಗಳು ತವರಿಗೆ ಬಂದರೆ ಅಮ್ಮನಿಗೆ ಟಿಕೆಟ್ ಪುಕ್ಕಟೆ, ಮಗಳಿಗೆ ಹಣ.

ಎರಡನೆಯ ಸಂಗತಿ, ಪಾಸಿನ ಲೆಕ್ಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬರ ಮಗಳು ಟೋಕಿಯೊದಲ್ಲಿದ್ದಾಳೆ. ಜಪಾನಿನ ಏಳು ದಿನದ ಪಾಸು ಅವರು ಮೊದಲ ಸಲ ಹೋದಾಗ 29,650 ಯೆನ್ ಇತ್ತು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನ ಟಿಕೆಟ್ ಒಂದು ಕಡೆಗೆ ಸುಮಾರು 14,000 ಯೆನ್. ಹೋಗಿ ಬಂದರೆ ಪಾಸಿನ ಹಣ ಹತ್ತಿರ ಹತ್ತಿರ ಹುಟ್ಟಿತು. ಇನ್ನೊಂದು ಊರಿಗೆ ಹೋದರೆ ಲಾಭವೇ. ಆದ್ದರಿಂದ ಕಣ್ಣು ಮುಚ್ಚಿಕೊಂಡು ಪಾಸು ತಗೊಳ್ಳಿ ಎಂದು ಎಲ್ಲರಿಗೂ ಹೇಳುತ್ತಿದ್ದರು. 2023ರ ಅಕ್ಟೋಬರಿನಲ್ಲಿ ಅದೇ ಪಾಸು 50,000 ಯೆನ್ ಆಯಿತು. ಟೋಕಿಯೊ–ಕ್ಯೋಟೊ ಹೋಗಿ ಬರುವವನಿಗೆ ಅದು ದೊಡ್ಡ ನಷ್ಟ. ಹಳೆಯ ಬುದ್ಧಿಮಾತು ಒಂದೇ ದಿನದಲ್ಲಿ ತಪ್ಪಾಯಿತು. ಹೋಗಿ ಬಂದವರ ಮಾತು ಕೇಳುವಾಗ 'ನೀವು ಯಾವ ವರ್ಷ ಹೋಗಿದ್ದಿರಿ?' ಎಂದು ಮೊದಲು ಕೇಳಬೇಕು.

ಮೂರನೆಯದು, ಪಾಸು ಇದ್ದರೂ ಎಲ್ಲ ರೈಲೂ ಹತ್ತಲಾಗದು. ಯೂರೇಲ್ ಹಿಡಿದು ಜರ್ಮನಿಯ ವೇಗದ ರೈಲನ್ನು ರಿಸರ್ವೇಷನ್ ಇಲ್ಲದೆಯೂ ಹತ್ತಬಹುದು. ಫ್ರಾನ್ಸಿನ ಟಿ.ಜಿ.ವಿ.ಗೆ ಪಾಸಿನ ಮೇಲೆ ಇನ್ನಷ್ಟು ಹಣ ಕೊಟ್ಟು ಸೀಟು ಕಾದಿರಿಸಲೇಬೇಕು. ಆ ಸೇರಿಕೆಯ ಹಣವನ್ನು ಲೆಕ್ಕಕ್ಕೆ ಹಿಡಿಯದೆ ಪಾಸು ಅಗ್ಗ ಎಂದುಕೊಳ್ಳುವವರು ಬಹಳ.

2023ರ ಬೇಸಿಗೆಯಲ್ಲಿ ನಾವಿಬ್ಬರೂ ಸ್ಟುಟ್‌ಗಾರ್ಟಿಗೆ ಹೋದೆವು. ಅದಕ್ಕೆ ಹಿಂದಿನ ವರ್ಷ, 2022ರ ಜೂನ್‌ನಿಂದ ಆಗಸ್ಟ್‌ವರೆಗೆ, ಜರ್ಮನಿಯವರು ತಿಂಗಳಿಗೆ 9 ಯೂರೋಗೆ ದೇಶದ ಎಲ್ಲ ಊರೊಳಗಿನ ಸಾರಿಗೆ ಮತ್ತು ನಿಧಾನದ ರೈಲುಗಳಿಗೆ ಟಿಕೆಟ್ ಕೊಟ್ಟಿದ್ದರು. ಸುಮಾರು 5 ಕೋಟಿ 20 ಲಕ್ಷ ಟಿಕೆಟ್ ಖರ್ಚಾದವು. 2023ರ ಮೇ 1ರಿಂದ ಅದೇ ಬಗೆಯ 'ಡಾಯ್ಚ್‌ಲಾಂಡ್ ಟಿಕೆಟ್' ತಿಂಗಳಿಗೆ 49 ಯೂರೋಗೆ ಬಂತು. 2025ರಲ್ಲಿ ಅದು 58 ಆಯಿತು. ಇದು ಊರು ಕೇಳುವುದಿಲ್ಲ, ಪ್ರವಾಸಿಯೂ ತಗೊಳ್ಳಬಹುದು. ಆದರೆ ಐ.ಸಿ.ಇ. ಮುಂತಾದ ದೂರದ ವೇಗದ ರೈಲಿಗೆ ನಡೆಯುವುದಿಲ್ಲ. ಇನ್ನೊಂದು ಕೊಕ್ಕೆ, ಅದು ತಿಂಗಳ ಚಂದಾ. ಹತ್ತನೆಯ ತಾರೀಖಿನೊಳಗೆ ಬೇಡ ಎಂದು ತಿಳಿಸದಿದ್ದರೆ ಮುಂದಿನ ತಿಂಗಳ ಹಣ ತಾನೇ ಕಡಿತವಾಗುತ್ತದೆ. ಬ್ಯಾಂಕಿನ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಇದ್ದ ಹಾಗೆ. ನಾನು ಡೈರಿಯಲ್ಲಿ ಹತ್ತನೇ ತಾರೀಖಿಗೆ ಕೆಂಪು ಗೆರೆ ಹಾಕಿದೆ.

ಮಗ ಯೂರೇಲ್ ಕೊಡಿಸುತ್ತೇನೆ ಅಂದ. ಒಂದು ತಿಂಗಳಲ್ಲಿ ಏಳು ದಿನ ಯಾವ ದೇಶಕ್ಕಾದರೂ ಹೋಗಬಹುದಾದದ್ದು. "ಪ್ಯಾರಿಸ್, ರೋಮ್, ವಿಯೆನ್ನಾ, ಎಲ್ಲಾ ಮುಗಿಸಬಹುದು ಅಪ್ಪಾ." 'ಮುಗಿಸಬಹುದು' ಎಂಬ ಮಾತು ಕೇಳಿದ್ದೇ ನನಗೆ ಕಾಯಗಾಂವ್ ನೆನಪಾಯಿತು. ಹೆಂಡತಿಯ ಮೊಣಕಾಲು ನೋವು ಬೇರೆ. ನಾನು ನೋಟ್‌ಬುಕ್ಕಿನಲ್ಲಿ ಮತ್ತೆ ಗೆರೆ ಹೊಡೆದೆ, ಆದರೆ ಈ ಸಲ ಊರುಗಳ ಹೆಸರು ಬರೆಯುವ ಮೊದಲು ಅವಳನ್ನು ಕೇಳಿದೆ: "ನಿನಗೆ ದಿನಕ್ಕೆ ಎಷ್ಟು ತಾಸು ಕೂಡಲಿಕ್ಕಾಗ್ತದ?" "ಎರಡು ತಾಸಿನ ಮೇಲೆ ಆಗೂದಿಲ್ಲರೀ. ಆಮೇಲೆ ಒಂದು ದಿನ ಮನ್ಯಾಗ ಇರಬೇಕು" ಅಂದಳು. ಅಲ್ಲಿಗೆ ಲೆಕ್ಕ ಮುಗಿಯಿತು. ಯೂರೇಲ್ ಬೇಡ. ಇಬ್ಬರಿಗೂ 98 ಯೂರೋ ಕೊಟ್ಟು ತಿಂಗಳ ಟಿಕೆಟ್. ಜ್ಯೂರಿಕ್‌ಗೆ ಒಮ್ಮೆ ಮಾತ್ರ ಮುಂಗಡ ತೆಗೆದ ಬಿಡಿ ಟಿಕೆಟ್.

ಒಂದು ದಿನ ಟ್ಯೂಬಿಂಗೆನ್‌ಗೆ ಹೊರಟೆವು. ಕನ್ನಡದ ದೊಡ್ಡ ನಿಘಂಟನ್ನು 1894ರಲ್ಲಿ ಕೊಟ್ಟ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಊರು ಅದು. ಧಾರವಾಡ, ಮಂಗಳೂರುಗಳಲ್ಲಿ ದುಡಿದು ಮರಳಿ ಹೋದ ಆ ಮನುಷ್ಯನಿಗೆ ಕೊನೆಗೆ ಯಾವುದು ಪರಊರು ಅನ್ನಿಸಿತ್ತೋ ಎಂದು ಯೋಚಿಸುತ್ತ ಕೂತಿದ್ದೆ. ರೈಲು ನೆಕರ್ ನದಿಯ ದಂಡೆ ಹಿಡಿದು ಹೋಗುತ್ತದೆ. ನ್ಯೂರ್ಟಿಂಗೆನ್ ಎಂಬ ಊರು ಬಂತು. ಹೆಂಡತಿ ಕಿಟಕಿಯಲ್ಲಿ ನೋಡಿ, "ಹೊಳಿ ಎಷ್ಟು ಚಂದ ಅದರೀ" ಅಂದಳು. "ಇಳಿಯೋಣೇನು?" ಅಂದೆ. ಅವಳು ಆಶ್ಚರ್ಯದಿಂದ ನನ್ನ ಮುಖ ನೋಡಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಹಾಗೆ ನಡುದಾರಿಯಲ್ಲಿ ಇಳಿದವನಲ್ಲ. ಇಳಿದೆವು. ನದಿ ಪಕ್ಕದ ಬೆಂಚಿನ ಮೇಲೆ ಕಟ್ಟಿಕೊಂಡು ಹೋಗಿದ್ದ ಚಪಾತಿ, ಶೇಂಗಾ ಹಿಂಡಿ ತಿಂದು ಎರಡು ತಾಸು ಕೂತೆವು. ಟ್ಯೂಬಿಂಗೆನ್‌ಗೆ ಮಾರನೆಯ ವಾರ ಹೋದೆವು.

ಆ ತಿಂಗಳ ಕೊನೆಗೆ ಲೆಕ್ಕ ತೆಗೆದಾಗ ಬಿಡಿ ಟಿಕೆಟ್ಟಿಗಿಂತ ಸ್ವಲ್ಪ ಉಳಿದಿತ್ತು. ಉಳಿಯದಿದ್ದರೂ ನಡೆಯುತ್ತಿತ್ತು.

ಕೇಳುವವರಿಗೆ ನಾನು ಈಗ ಹೇಳುವುದು ಇಷ್ಟು. ಹೋಗಲೇಬೇಕಾದ ಊರುಗಳನ್ನು ಮೊದಲು ಬರೆಯಿರಿ, ಪಾಸಿನ ಬೆಲೆ ಆಮೇಲೆ ನೋಡಿ. ಆ ಊರುಗಳ ಬಿಡಿ ಟಿಕೆಟ್ಟಿನ ಮೊತ್ತ ಕೂಡಿಸಿ. ಮುಂಚೆ ತೆಗೆದರೆ ಎಷ್ಟು, ಅಂದೇ ತೆಗೆದರೆ ಎಷ್ಟು, ಎರಡನ್ನೂ ಹಾಕಿ. ಪಾಸಿನ ಕಡೆ ಸೀಟು ಕಾದಿರಿಸುವ ಹಣ ಸೇರಿಸಿ. ಎರಡೂ ಹತ್ತಿರವಿದ್ದರೆ, ತಾರೀಖು ಗಟ್ಟಿಯಿದ್ದವರು ಟಿಕೆಟ್ ತಗೊಳ್ಳಿ, ಗಟ್ಟಿಯಿಲ್ಲದವರು ಪಾಸು ತಗೊಳ್ಳಿ. ಪಾಸು ಕೊಂಡ ಮೇಲೆ ಅದರ ಬೆಲೆ ಮರೆತುಬಿಡಿ. ಅದನ್ನು ಹುಟ್ಟಿಸಲು ಮುದುಕರನ್ನು ಓಡಿಸಬೇಡಿ.

2024ರ ಜನವರಿಯಲ್ಲಿ ನಾವಿಬ್ಬರೂ ಸಂಭಾಜಿನಗರಕ್ಕೆ ಹೋಗಿದ್ದೆವು. ಬಸ್ ನಿಲ್ದಾಣದಲ್ಲಿ 'ಕನ್ನಡ' ಬೋರ್ಡಿನ ಬಸ್ಸು ನಿಂತಿತ್ತು. ನಾವು ಅಹಮದನಗರದ ಬಸ್ಸು ಹತ್ತಿ ಕಾಯಗಾಂವ್‌ಗೆ ಎರಡು ಟಿಕೆಟ್ ಕೇಳಿದೆವು. ಮಹಾರಾಷ್ಟ್ರದಲ್ಲಿ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಚಾರ್ಜು; ಅವಳಿಗೆ ಅರ್ಧ, 65 ತುಂಬದ ನನಗೆ ಪೂರ್ತಿ. ಸೇತುವೆಯ ಹತ್ತಿರ ಇಳಿಸಿ ಕಂಡಕ್ಟರು, "ಬಾಬಾ, ಮರಳಿ ಹೋಗುವ ಗಾಡಿ ಎಷ್ಟು ಗಂಟೆಗೆ ಬೇಕು?" ಎಂದು ಮರಾಠಿಯಲ್ಲಿ ಕೇಳಿದ. ಯಾವುದಾದರೂ ಆದೀತು ಅಂದೆ. ಜಾಯಕವಾಡಿಯ ಹಿನ್ನೀರು ದಂಡೆಯವರೆಗೆ ನಿಂತಿತ್ತು. ಟಿಕೆಟ್ಟಿನ ಮೇಲೆ ಊರಿನ ಹೆಸರು ಅಚ್ಚಾಗಿತ್ತು. ಅದನ್ನು ನೋಟ್‌ಬುಕ್ಕಿನಲ್ಲಿ ಅಪ್ಪನ ಆ ಡಿಸೆಂಬರಿನ ಪುಟದಲ್ಲಿ ಅಂಟಿಸಿಟ್ಟಿದ್ದೇನೆ.